ಬೆಂಚಿನಡಿಯ ಬರಹ

ನನ್ನ ಗಂಡ ಕಜೆಟನ್ ಮಿನೇಜಸ್ ಅಳತೆಯ ಟೇಪನ್ನೂ ನಂಬುವವರಲ್ಲ. ಹೊಸ ಟೇಪು ತಂದರೆ ಮನೆಯಲ್ಲಿರುವ ಎರಡು ಹಳೆಯ ಟೇಪುಗಳ ಪಕ್ಕದಲ್ಲಿ ಅದನ್ನು ಮಲಗಿಸಿ, ಮೂರೂ ಒಂದೇ ಮಾತು ಹೇಳುತ್ತವೆಯೋ ಎಂದು ನೋಡುತ್ತಾರೆ. ಅರ್ಧ ನೂಲು ಆಚೀಚೆಯಾದರೂ ಅಂಗಡಿಗೆ ವಾಪಸು. ಕುವೈತಿನ ಒಂದು ಕಂಪೆನಿಯಲ್ಲಿ ಇಪ್ಪತ್ತನಾಲ್ಕು ವರ್ಷ ಸ್ಟೋರ್‌ಕೀಪರ್ ಆಗಿದ್ದ ಮನುಷ್ಯ. ನಟ್ಟು ಬೋಲ್ಟು ಎಣಿಸಿ ಎಣಿಸಿ, ಲೋಕದಲ್ಲಿ ಪ್ರತಿಯೊಬ್ಬನೂ ಏನಾದರೊಂದನ್ನು ಜೇಬಿಗಿಳಿಸಲು ಕಾದಿದ್ದಾನೆ ಎಂದು ತೀರ್ಮಾನಿಸಿಯೇ ಊರಿಗೆ ಬಂದವರು.

ನಾನೇನು ಕಡಿಮೆ? ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಯಾವ ಹುಡುಗನ ನೋಟ್ಸನ್ನು ಯಾವ ಅಕ್ಕ ಬರೆದುಕೊಟ್ಟಿದ್ದಾಳೆ ಎಂದು ಅಕ್ಷರದ ಬಾಲ ನೋಡಿ ಹೇಳುತ್ತಿದ್ದೆ. ಮನುಷ್ಯ ಬಾಯಲ್ಲಿ ಸುಳ್ಳು ಹೇಳಬಹುದು, ಕೈಬರಹದಲ್ಲಿ ಆಗುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಇಂಥ ಇಬ್ಬರು ಒಂದೇ ಸೂರಿನಡಿ ಇದ್ದರೆ ಮನೆ ಹೇಗಿರುತ್ತದೆ ಎಂದು ನಮ್ಮ ಹಾಲಿನವನನ್ನು ಕೇಳಿ, ಅವನು ಚೆನ್ನಾಗಿ ಹೇಳುತ್ತಾನೆ.

ಶಕ್ತಿನಗರದ ನಮ್ಮ ಮನೆಗೆ ತಾಗಿ ಕಾರಿಗೆಂದು ಕಟ್ಟಿಸಿದ ಒಂದು ಶೆಡ್ ಇದೆ. ಕಾರು ಒಂಬತ್ತು ವರ್ಷದಿಂದ ಅಂಗಳದಲ್ಲಿ ಬಿಸಿಲು ಮಳೆ ತಿನ್ನುತ್ತಿದೆ, ಶೆಡ್ಡಿನೊಳಗೆ ಕಜೆಟನ್‌ರ ಮರಗೆಲಸ ನಡೆಯುತ್ತಿದೆ. ಕುವೈತಿನಲ್ಲಿ ಯಂತ್ರಗಳು ಬರುತ್ತಿದ್ದ ಪೆಟ್ಟಿಗೆಗಳ ಹಲಗೆಯಿಂದ ರಜೆಯ ದಿನ ಸ್ಟೂಲು ಮಾಡಿ ಕಲಿತ ವಿದ್ಯೆ ಅದು. ಶೆಡ್ಡಿನ ಗೋಡೆಗೆ ಒಂದು ಪ್ಲೈವುಡ್ ಹೊಡೆದಿದ್ದಾರೆ. ಅದರ ಮೇಲೆ ತೂಗುವ ಪ್ರತಿ ಉಳಿ, ಕೀಸುಳಿ, ಗರಗಸದ ಸುತ್ತ ಪೆನ್ಸಿಲಿನ ಗೆರೆ. ಯಾವುದು ಜಾಗದಲ್ಲಿಲ್ಲ ಎಂದು ಬಾಗಿಲಲ್ಲೇ ನಿಂತು ತಿಳಿಯಬೇಕಂತೆ. ಮಿಕ್ಸಿ ಸರಿಮಾಡಲೆಂದು ನಾನು ಒಮ್ಮೆ ಒಂದು ಸ್ಕ್ರೂಡ್ರೈವರ್ ಒಯ್ದದ್ದಕ್ಕೆ ಮೂರು ದಿನ ವಿಚಾರಣೆ ನಡೆದಿತ್ತು.

ಗರಗಸ ಎಳೆಯುವುದರಲ್ಲೂ ಅವರದು ಅನುಮಾನದ ಕ್ರಮವೇ. ನಾಲ್ಕು ಎಳೆತ, ನಿಲುಗಡೆ, ಬಗ್ಗಿ ಗುರುತು ನೋಡುವುದು, ಮತ್ತೆ ನಾಲ್ಕು. ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಾ ಆ ಸದ್ದು ಕೇಳಿ ಕೇಳಿ ನನ್ನ ಕತ್ತಿಯೂ ಹಾಗೆಯೇ ನಡೆಯತೊಡಗಿತ್ತು.

ಇನ್ನೊಂದು ಅಭ್ಯಾಸವಿದೆ. ಮಾಡಿದ ಪ್ರತಿ ಸಾಮಾನಿನ ಅಡಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ: ತಾರೀಕು, ಮರ ಎಲ್ಲಿಯದು, ಅಳತೆ ಯಾರದು, ಕೊಯ್ದದ್ದು ಯಾರು, ಕೂಡಿಸಿದ್ದು ಯಾರು. ಅದೂ ಕನ್ನಡದಲ್ಲಿ, ಕುವೈತಿನ ಸ್ಟೋರಿನಲ್ಲಿ ಬೇರೆ ಯಾರಿಗೂ ಓದಲು ಬಾರದಿರಲಿ ಎಂದು ಹಿಡಿದ ಅಭ್ಯಾಸ. ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದೊಡ್ಡದು. ಎಲ್ಲದರ ಮುಂದೆಯೂ ಕಜೆಟನ್, ಕಜೆಟನ್, ಕಜೆಟನ್.

"ಈ ಶೆಡ್ಡಲ್ಲಿ ನೀವಲ್ಲದೆ ಬೇರೆ ಯಾರುಂಟು? ಒಂದು ಸಲ ಬರೆದರೆ ಸಾಲದಾ?" ಎಂದು ಕೇಳಿದ್ದೆ.

"ಸ್ಟೋರಲ್ಲಿ ಕೈ ಬದಲಾದ ಕಡೆಯೆಲ್ಲ ಸಹಿ ಬೇಕು ಗ್ಲ್ಯಾಡಿಸ್. ನಾನು ಮಾಡಿದ್ದಕ್ಕೆ ನಾನು ಹಾಕ್ತೇನೆ. ನಾನು ಮಾಡದ್ದಕ್ಕೆ ಸತ್ತರೂ ಹಾಕುವುದಿಲ್ಲ."

ನಮ್ಮ ಒಬ್ಬಳೇ ಮಗಳು ಡ್ಯಾಫ್ನಿಯ ಮದುವೆ ಬೋಂದೆಲಿನ ಗೇವಿನ್ ಜೊತೆ ನವೆಂಬರಿಗೆ ನಿಶ್ಚಯವಾಯಿತು. ನಮ್ಮಲ್ಲಿ ಮದುವೆಗೆ ಮೊದಲು ರೋಸ್ ಉಂಟಲ್ಲ, ಹುಡುಗಿಯನ್ನು ಕುಳ್ಳಿರಿಸಿ ತಲೆಗೆ ತೆಂಗಿನ ಹಾಲು ಎರೆಯುವ ಶಾಸ್ತ್ರ. ಶಾಮಿಯಾನದವನು ಬಂದು, "ರೋಸಿಗೆ ಕೆಂಪು ಪ್ಲಾಸ್ಟಿಕ್ ಕುರ್ಚಿ ಕೊಡ್ತೇವೆ, ನೀರು ಬಿದ್ದರೂ ಎಂತ ಆಗುವುದಿಲ್ಲ" ಎಂದ. ಕಜೆಟನ್ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಮಗಳು ಪ್ಲಾಸ್ಟಿಕ್‌ನಲ್ಲಿ ಕೂತುಕೊಳ್ಳುವುದಿಲ್ಲ. ಬೆಂಚು ನಾನು ಮಾಡ್ತೇನೆ. ನನ್ನ ಕೈಯಿಂದ." ಕೊಡಿಯಾಲ್‌ಬೈಲಿನಲ್ಲಿ ಅಪಾರ್ಟ್‌ಮೆಂಟಿಗೆಂದು ಕೆಡವಿದ ಹಂಚಿನ ಮನೆಯೊಂದರಿಂದ ಹೆಬ್ಬಲಸಿನ ಬಾಗಿಲುಗಳನ್ನು ತಂದರು. ಡ್ಯಾಫ್ನಿ ಅಪ್ಪನ ಕೊರಳಿಗೆ ಜೋತುಬಿದ್ದಳು. ಇದು ಜೂನ್ ತಿಂಗಳ ಮಾತು.

ನನ್ನ ಅನುಮಾನ ಶುರುವಾದದ್ದು ಆಗಸ್ಟಿನಲ್ಲಿ, ಫ್ರಿಜ್ಜಿನ ಮೇಲಿನ ಒಂದು ಚೀಟಿಯಿಂದ. ಪೇಟೆಯಿಂದ ತರಬೇಕಾದ್ದನ್ನು ಕಜೆಟನ್ ಅಲ್ಲಿ ಬರೆದು ಅಂಟಿಸುತ್ತಾರೆ. ಮೊದಲನೆಯ ಶಬ್ದ ಫೆವಿಕಾಲ್, ಸಾಧಾರಣ ಗಾತ್ರ. ಎರಡನೆಯದು ಅದಕ್ಕಿಂತ ಸಣ್ಣ. ಕೊನೆಯದು ಸಾಸಿವೆ ಕಾಳಿನಷ್ಟು. ಕನ್ನಡಕದ ಮೇಲೆ ಕನ್ನಡಕ ಇಟ್ಟರೂ ಓದಲಾಗಲಿಲ್ಲ. ಬೋರ್ಡಿನಷ್ಟು ದೊಡ್ಡದಾಗಿ ಬರೆಯುತ್ತಿದ್ದ ಮನುಷ್ಯ ಈಗ ಯಾರಿಗೂ ಕಾಣದ ಹಾಗೆ ಬರೆಯುತ್ತಿದ್ದಾನೆಂದರೆ ಏನರ್ಥ? ಪರೀಕ್ಷೆಯಲ್ಲಿ ಅಂಗೈಗೆ ಚೀಟಿ ಬರೆದುಕೊಳ್ಳುವವನು ಮಾತ್ರ ಹಾಗೆ ಬರೆಯುತ್ತಾನೆ.

"ನನಗೆ ಓದ್ಲಿಕ್ಕೆ ಆಗಬಾರದು ಅಂತ ಬರೆದದ್ದಾ ಇದು?" ಎಂದೆ.

"ಪೆನ್ಸಿಲ್ ಸಮ ಇಲ್ಲ" ಎಂದು ಚೀಟಿ ಕಿತ್ತುಕೊಂಡು ಹೋದರು.

ಪೆನ್ಸಿಲ್ ಸಮ ಇಲ್ಲವಂತೆ! ಕುಣಿಯಲಾರದವಳಿಗೆ ನೆಲ ಡೊಂಕು.

ಮರುವಾರ ಶೆಡ್ಡಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಕೇಳಿದರೆ ವಾರ್ನಿಷ್ ಹೊಡೆಯುತ್ತಿದ್ದಾರಂತೆ, ಧೂಳು ಬರಬಾರದಂತೆ. ವಾರ್ನಿಷ್ ಹೊಡೆದರೆ ನಾಲ್ಕು ಮನೆಗೆ ವಾಸನೆ ಬರುತ್ತದೆ, ನನಗೆ ಮೂಗಿಲ್ಲವೇ? ಮಂಗಳವಾರ ಮಂಗಳವಾರ ಕೊಡಿಯಾಲ್‌ಬೈಲಿಗೆ ಹೋಗತೊಡಗಿದರು. "ಹಿಂಜಸ್ ನೋಡ್ಲಿಕ್ಕೆ" ಎನ್ನುವುದು, ಬರಿಗೈಯಲ್ಲಿ ಬರುವುದು. ಬಾಗಿಲಿಲ್ಲದ ಬೆಂಚಿಗೆ ಎಂಥ ಹಿಂಜಸ್? ಅವರ ತಂಗಿ ಏವ್ರಿಲ್‌ಗೆ ಫೋನಿನಲ್ಲಿ ಹೇಳಿದರೆ, "ಅರವತ್ತು ದಾಟಿದ ಮೇಲೆ ಗಂಡಸರಿಗೆ ಎಂತದೋ ಆಗ್ತದೆ ಮಾರಾಯ್ತಿ. ಮೊದಲು ಅವನ ಮೊಬೈಲ್ ನೋಡು" ಎಂದಳು. ಹೇಳಲು ನಾಚಿಕೆಯಾಗುತ್ತದೆ, ನೋಡಿಯೂ ಬಿಟ್ಟೆ. ಕುರ್ಚಿಯ ಕಾಲು ಕೂರಿಸುವ ನೂರೆಂಟು ವೀಡಿಯೊ ಬಿಟ್ಟರೆ ಒಂದು ಹೆಣ್ಣುಹೆಸರೂ ಇರಲಿಲ್ಲ.

ಆಮೇಲೆ ನನ್ನ ಕಣ್ಣು ಬಿದ್ದದ್ದು ಫೈಝಲ್‌ನ ಮೇಲೆ.

ಫೈಝಲ್ ಬೈಕಂಪಾಡಿಯ ಗೋದಾಮೊಂದರಲ್ಲಿ ಸರಕು ಪೇರಿಸುವ ಮರದ ಪ್ಯಾಲೆಟ್ ಮಾಡುವ ಬಡಗಿ. ಈಗ ಎರಡು ಮಕ್ಕಳ ತಂದೆ. ಬೇಡವಾದ ಪ್ಯಾಲೆಟ್‌ಗಳ ಹಲಗೆಯನ್ನು ಶುಕ್ರವಾರ ನಮಾಜು ಮುಗಿಸಿ ತನ್ನ ಗೂಡ್ಸ್ ಟೆಂಪೋದಲ್ಲಿ ತಂದುಕೊಡುತ್ತಾನೆ. ನನ್ನ ಹಳೆಯ ವಿದ್ಯಾರ್ಥಿ. ಎಂಟನೆಯ ತರಗತಿಯಲ್ಲಿ ಅವನ ಮುತ್ತಿನಂಥ ಅಕ್ಷರ ನೋಡಿ, "ಇದು ನಿನ್ನ ಅಕ್ಕ ನುಸೈಬಾ ಬರೆದದ್ದು" ಎಂದು ಇಡೀ ಕ್ಲಾಸಿನೆದುರು ನಿಲ್ಲಿಸಿದ್ದೆ. ಅವನು ಚಾಕ್‌ಪೀಸ್ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದು ತೋರಿಸಿದ್ದ. ಅಕ್ಷರ ಅವನದ್ದೇ. ನಾನು ತಪ್ಪಾಯಿತು ಎನ್ನಲಿಲ್ಲ. ಟೀಚರುಗಳು ಹಾಗೆಲ್ಲ ಎನ್ನುವ ಕಾಲವಾಗಿರಲಿಲ್ಲ ಅದು.

ಮೊದಲು ಹಲಗೆ ಇಳಿಸಿ ಚಾ ಕುಡಿದು ಹೋಗುತ್ತಿದ್ದವನು ಈಗ ನೇರ ಶೆಡ್ಡಿನೊಳಗೆ. ಚಿಲಕ ಬೀಳುತ್ತದೆ. ಗರಗಸದ ಸದ್ದು ಬರುತ್ತದೆ. ನಾಲ್ಕು ಎಳೆತ, ನಿಲುಗಡೆ ಅಲ್ಲ. ಎಳೆದದ್ದೇ ಎಳೆದದ್ದು, ಕೊನೆಯವರೆಗೆ. ಅದು ಕಜೆಟನ್‌ರ ಗರಗಸವಲ್ಲ ಎಂದು ಮೀನು ಕೊಯ್ಯುತ್ತಿದ್ದ ನನ್ನ ಕೈಗೇ ಗೊತ್ತಾಯಿತು.

ಆಹಾ, ಹೀಗೋ ಸಂಗತಿ! ಬೆಂಚು ಮಾಡುತ್ತಿರುವುದು ಫೈಝಲ್. ರೋಸಿನ ದಿನ ನೂರು ಜನರೆದುರು ಎದೆಯುಬ್ಬಿಸಿ ನಿಲ್ಲುವುದು ಅಪ್ಪ. ಮಗಳಿಗೆ "ನನ್ನ ಕೈಯಿಂದ" ಎಂದು ಮಾತು ಕೊಟ್ಟು, ಬೇರೆಯವನ ಕೈಯಿಂದ ಮಾಡಿಸುವುದು! ಇಪ್ಪತ್ತನಾಲ್ಕು ವರ್ಷ ಜಗತ್ತನ್ನೆಲ್ಲ ಕಳ್ಳರೆಂದ ಮನುಷ್ಯ ಸ್ವಂತ ಮಗಳಿಗೆ ಮೋಸ ಮಾಡುತ್ತಿದ್ದಾರೆಂದು ನನಗೆ ಮೈಯೆಲ್ಲ ಉರಿಯಿತು. ಸಿಟ್ಟಿಗಿಂತ ಹೆಚ್ಚು ನೋವಾಯಿತು. ಒಂಬತ್ತು ವರ್ಷ ನಾನು ಎಷ್ಟು ಬೈದರೂ, ಆ ಶೆಡ್ಡಿನಿಂದ ಹೊರಬಂದ ಒಂದೊಂದು ಸ್ಟೂಲೂ ಸುಳ್ಳಿಲ್ಲದ ಸಾಮಾನು ಎಂಬ ಹೆಮ್ಮೆ ಒಳಗೊಳಗೇ ನನಗಿತ್ತು.

ಮುಂದಿನ ಶುಕ್ರವಾರ ಫೈಝಲ್ ಹೊರಬರುವುದನ್ನು ಕಾದು ಗೇಟಿನಲ್ಲಿ ನಿಂತೆ.

"ಒಳಗೆ ಎಂತ ಮಾಡ್ತಿದ್ದಿ ಎರಡು ಗಂಟೆ?"

"ಸ್ವಲ್ಪ ಹೆಲ್ಪ್ ಟೀಚರ್."

"ಬೆಂಚು ಯಾರು ಮಾಡುವುದು? ನೀನಾ, ಅವರಾ?"

ಅವನು ಟೆಂಪೋದ ಕೀಲಿಕೈಯನ್ನು ತಿರುಗಿಸುತ್ತಾ ನಿಂತ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಕಂಡಿತು ನನಗೆ.

"ಮುದುಕನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿ, ಅವರ ಉಳಿ ಗರಗಸ ಎಲ್ಲ ಹೊಡೆಯುವ ಅಂದಾಜಾ ನಿಂದು?"

ಮಾತು ಬಾಯಿಂದ ಹೋದ ಮೇಲೆ ಅತಿಯಾಯಿತು ಎನಿಸಿತು. ಫೈಝಲ್ ಸಿಟ್ಟಾಗಲಿಲ್ಲ, ಆಗಿದ್ದರೆ ಒಳ್ಳೆಯದಿತ್ತು. "ಟೀಚರ್, ಎಂಟನೇ ಕ್ಲಾಸಲ್ಲೂ ನೀವು ಹೀಗೆಯೇ ಕೇಳಿದ್ದು" ಎಂದ. "ಆವತ್ತು ಬೋರ್ಡಲ್ಲಿ ಬರೆದು ತೋರಿಸ್ಲಿಕ್ಕೆ ಆಯ್ತು. ಇವತ್ತು ಆಗುವುದಿಲ್ಲ. ಅಂಕಲ್‌ಗೆ ಮಾತು ಕೊಟ್ಟಿದ್ದೇನೆ." ಟೆಂಪೋ ಹತ್ತಿ ಹೋದ. ನಾನು ಚಾ ಬೇಕಾ ಎಂದೂ ಕೇಳಿರಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಮಕ್ಕಳಿಗೆ ಕಲಿಸಿದವಳಲ್ಲವೇ ನಾನು? ಮಂಗಳವಾರ ಕಜೆಟನ್ "ಹಿಂಜಸ್" ನೋಡಲು ಬಸ್ಸು ಹತ್ತಿದ ಕೂಡಲೇ ಶೆಡ್ಡಿನ ಎರಡನೆಯ ಕೀಲಿಕೈ ತೆಗೆದೆ. ಅದು ನಾವು ಪ್ರಾರ್ಥನೆ ಮಾಡುವ ಅಲ್ತಾರಿನ ಸಂತ ಅಂತೋನಿಯ ಪ್ರತಿಮೆಯ ಹಿಂದೆ ಇರುತ್ತದೆ. ಕಳೆದದ್ದನ್ನು ಹುಡುಕಿಕೊಡುವ ಸಂತ ಕಾಯಲಿ ಎಂದು ಅವರು ಅಲ್ಲಿಟ್ಟದ್ದು, ನನಗೆ ಗೊತ್ತಿಲ್ಲ ಎಂಬ ಭ್ರಮೆಯಲ್ಲಿ.

ಬೆಂಚು ನಡುವಿನಲ್ಲಿ ನಿಂತಿತ್ತು. ನಿಜ ಹೇಳುತ್ತೇನೆ, ಕೈಯಾಡಿಸದೆ ಇರಲಾಗಲಿಲ್ಲ. ಅಂಚೆಲ್ಲ ಉರುಟಾಗಿ ನಯ, ಒಂದು ಸಿಬಿರಿಲ್ಲ. ತಿರುಗಿಸಿ ಅಡಿ ನೋಡಿದೆ. ಏನೂ ಬರೆದಿರಲಿಲ್ಲ. ತಾರೀಕಿಲ್ಲ, ಮರದ ಊರಿಲ್ಲ, ಕಜೆಟನ್ ಇಲ್ಲ. ಕಾಲುಗಳ ತುದಿಯಲ್ಲಿ ಒಂದು, ಎರಡು, ಮೂರು, ನಾಲ್ಕು ಎಂಬ ಗುರುತು ಮಾತ್ರ, ಅದೂ ಫೈಝಲ್‌ನ ಮುತ್ತಿನ ಅಕ್ಷರದಲ್ಲಿ. ಸಿಕ್ಕಿಬಿದ್ದಿರಲ್ಲ ಎಂದುಕೊಂಡು ತಿರುಗಿದರೆ, ಗೋಡೆಗೆ ಒರಗಿಸಿದ ಒಂದು ಪೈನ್ ಹಲಗೆ ಕಂಡಿತು.

ಹಲಗೆಯ ತುಂಬ ಒಂದೇ ಸಾಲು, ಇಂಪೊಸಿಷನ್ ಬರೆದ ಹಾಗೆ. "ಡ್ಯಾಫ್ನಿಯ ರೋಸಿಗೆ, ಅಪ್ಪ ಕಜೆಟನ್." ಇಪ್ಪತ್ತೋ ಇಪ್ಪತ್ತೈದೋ ಸಲ. ಪ್ರತಿ ಸಲವೂ ಡ್ಯಾ ದೊಡ್ಡದು, ಫ್ನಿ ಸಣ್ಣದು, ಅಪ್ಪ ಎಂಬಲ್ಲಿಗೆ ಬರುವಾಗ ಇರುವೆ, ಕಜೆಟನ್ ಎಂಬುದು ಬರೀ ನಡುಗಿದ ಗೀಟು. ಕೆಲವು ಕಡೆ ಸಿಟ್ಟಿನಿಂದ ಒತ್ತಿ ಪೆನ್ಸಿಲಿನ ಮೊನೆ ಮುರಿದಿತ್ತು.

ಮುಚ್ಚಿಡಲು ಬರೆಯುವವನು ಇಪ್ಪತ್ತು ಸಲ ಬರೆಯುವುದಿಲ್ಲ. ದೊಡ್ಡದಾಗಿ ಬರೆಯಬೇಕೆಂದು ಬರೆದು ಬರೆದು ಆಗದೆ ಬಿಟ್ಟದ್ದು ಅದು. ನಾನು ಮನೆಯೊಳಗೆ ಓಡಿದೆ. ಹಜಾರದ ಸ್ಟೂಲನ್ನು ಕವುಚಿದೆ: ೨೦೧೭, ಹೆಬ್ಬೆರಳಿನಷ್ಟು ಅಕ್ಷರ. ಚಪ್ಪಲಿ ಸ್ಟ್ಯಾಂಡು: ೨೦೧೯, ಹಾಗೆಯೇ. ಲಾಕ್‌ಡೌನಿನಲ್ಲಿ ಮಾಡಿದ ಟೀಪಾಯಿ, ಡ್ಯಾಫ್ನಿಯ ಓದುವ ಮೇಜು, ಎಲ್ಲವನ್ನೂ ಕವುಚಿ ತಾರೀಕಿನ ಪ್ರಕಾರ ಸಾಲಾಗಿ ಇಟ್ಟೆ. ಕಳೆದ ವರ್ಷದ ಪುಸ್ತಕದ ಸ್ಟ್ಯಾಂಡಿನಲ್ಲಿ ಅಕ್ಷರ ಕಿರುಬೆರಳಿನಷ್ಟಾಗಿತ್ತು. ಈ ವರ್ಷ ಫೆಬ್ರವರಿಯ ಮೊಣಕಾಲೂರುವ ಪೀಠದಲ್ಲಿ ಅಕ್ಕಿಕಾಳಿನಷ್ಟು. ನಾನು ಅದೇ ಪೀಠದ ಮೇಲೆ ದಿನಾ ಸಂಜೆ ಮೊಣಕಾಲೂರಿ ತೇರ್ಸ್ ಪ್ರಾರ್ಥನೆ ಹೇಳಿದ್ದೆ. ಜಗತ್ತಿನವರ ಅಕ್ಷರವನ್ನೆಲ್ಲ ಪತ್ತೆಹಚ್ಚಿದ ಟೀಚರಮ್ಮನಿಗೆ ತನ್ನ ಮೊಣಕಾಲ ಕೆಳಗಿನದು ಕಾಣಲಿಲ್ಲ.

ಕಜೆಟನ್ ಬಂದಾಗ ಹಜಾರದಲ್ಲಿ ಸಾಮಾನೆಲ್ಲ ಕಾಲು ಮೇಲೆ ಮಾಡಿ ಬಿದ್ದಿತ್ತು, ನಾನು ನೆಲದ ಮೇಲೆ ಕೂತಿದ್ದೆ.

"ಎಂತ ಇದು? ಕಳ್ಳ ನುಗ್ಗಿದ್ದಾ?"

"ಕೈ ತೋರಿಸಿ."

ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು. ಮೂರು ತಿಂಗಳಿಂದ ಅಲ್ಲೇ ಇರುತ್ತಿತ್ತೆಂದು ಆಗ ಹೊಳೆಯಿತು. ಮೆಲ್ಲನೆ ತೆಗೆದರು. ಹೆಬ್ಬೆರಳು ತೋರುಬೆರಳಿನ ಮೇಲೆ, ಜಪಸರದ ಮಣಿ ಉರುಳಿಸುತ್ತಿರುವಂತೆ ತನ್ನಷ್ಟಕ್ಕೆ ಆಡುತ್ತಿತ್ತು.

"ಪಾರ್ಕಿನ್ಸನ್ ಅಂತೆ" ಎಂದರು. "ಕೊಡಿಯಾಲ್‌ಬೈಲಲ್ಲಿ ಡಾಕ್ಟ್ರಿಗೆ ತೋರಿಸ್ತಾ ಇದ್ದೇನೆ. ಅಕ್ಷರ ಸಣ್ಣ ಆಗುವುದೂ ಅದರಿಂದಲೇ ಅಂತೆ. ಅವರು ಹೇಳಿದ್ದು ಸುಳ್ಳಿರಬಹುದು ಅಂತ ಇನ್ನೂ ಇಬ್ಬರಿಗೆ ತೋರಿಸಿದೆ. ಮೂರು ಟೇಪೂ ಒಂದೇ ಹೇಳಿತು."

"ನನಗೆ ಯಾಕೆ ಹೇಳ್ಲಿಲ್ಲ ನೀವು?"

"ನೀನೆಲ್ಲಿ ಕೇಳಿದ್ದಿ ಗ್ಲ್ಯಾಡಿಸ್? ನೀನು ಹುಡುಕಿದ್ದು."

ಆ ಮಾತು ನಾಟಿತು. ಎದ್ದು ಒಂದು ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ ಅವರನ್ನು ಕೂರಿಸಿದೆ.

ಆಮೇಲೆ ಎಲ್ಲ ಹೇಳಿದರು. ಗೇವಿನ್ ಮನೆಯವರಿಗೆ ಗೊತ್ತಾದರೆ, ಅಪ್ಪನಿಗೆ ನರದ ಕಾಯಿಲೆ, ನಾಳೆ ಮಗಳಿಗೂ ಬರಬಹುದು ಎಂದು ಹಿಂದೆ ಸರಿದಾರೆಂಬ ಹೆದರಿಕೆ. ಮದುವೆಯೊಂದು ಮುಗಿಯಲಿ ಎಂದು ಕಾದದ್ದು. ಜುಲೈಯಲ್ಲಿ ಗರಗಸ ಜಾರಿ ಹೆಬ್ಬಲಸಿನ ಒಂದು ಹಲಗೆಯೂ ಬೆರಳಿನ ಚರ್ಮವೂ ಹೋದದ್ದು. ಅದನ್ನು ಕಂಡ ಫೈಝಲ್, "ನೀವು ಗೆರೆ ಹಾಕಿ ಅಂಕಲ್, ನಾನು ಕೊಯ್ತೇನೆ" ಎಂದದ್ದು. ಕೊಯ್ಯುವ ಗುರುತುಗಳನ್ನೆಲ್ಲ ಇವರು ಎಡಗೈಯಿಂದ ಬಲಗೈಯನ್ನು ಒತ್ತಿಹಿಡಿದು ಹಾಕಿದ್ದಂತೆ, ಒಂದೊಂದು ಗೆರೆಗೆ ಅರ್ಧ ಗಂಟೆ.

"ಕೇಳುವವರು ಕೇಳಲಿ" ಎಂದೆ. "ಅವರಾಗಿ ಪತ್ತೆ ಮಾಡುವ ಮೊದಲು ನಾವೇ ಹೇಳುವ. ಅನುಮಾನ ಎಂತ ಮಾಡ್ತದೆ ಅಂತ ಈ ಮನೆಯಲ್ಲಿ ನೋಡಿ ಆಯ್ತಲ್ಲ." ಡ್ಯಾಫ್ನಿಗೆ ಅದೇ ದಿನ ಹೇಳಿದೆವು. ಅವಳು ಅತ್ತಳು, ಅಪ್ಪನನ್ನು ಬೈದಳು, ಗೇವಿನ್‌ಗೆ ಫೋನು ಮಾಡಲು ಅಂಗಳಕ್ಕೆ ಹೋದಳು. ಹತ್ತು ನಿಮಿಷ ನಾವಿಬ್ಬರೂ ಕಾಲು ಮೇಲಾದ ಸಾಮಾನುಗಳ ನಡುವೆ ಬಾಗಿಲು ನೋಡುತ್ತಾ ಕೂತೆವು. ಒಳಗೆ ಬಂದು, "ಹೇಳಿಯಾಯ್ತು. ಬೆಂಚು ಯಾವಾಗ ರೆಡಿ ಅಂತ ಕೇಳಿದ" ಎಂದಳು.

ಬೆಂಚು ರೆಡಿಯಾಯಿತು, ಆದರೆ ಅಡಿ ಖಾಲಿಯೇ ಉಳಿಯಿತು. ಶುಕ್ರವಾರ ಫೈಝಲ್ ಬಂದಾಗ ಮೊದಲು ಅವನಿಗೆ ಚಾ ಕೊಟ್ಟೆ. "ಎಂಟನೇ ಕ್ಲಾಸಿನದ್ದೂ ಸೇರಿಸಿ ತಪ್ಪಾಯ್ತು ಮಾರಾಯ" ಎಂದೆ. "ಬಿಡಿ ಟೀಚರ್" ಎಂದು ನಕ್ಕ. ಆಮೇಲೆ ಕಜೆಟನ್‌ರಿಗೆ ಬರೆಯಲು ಹೇಳಿದೆ.

"ನಾನು ಮಾಡದ್ದಕ್ಕೆ ನಾನು ಸಹಿ ಹಾಕುವುದಿಲ್ಲ."

"ಅಳತೆ ಯಾರದ್ದು?"

"ನನ್ನದು."

"ಹಾಗಾದರೆ ಅಳತೆಗೆ ಹಾಕಿ. ಕೊಯ್ದದ್ದಕ್ಕೆ ಫೈಝಲ್‌ನ ಹೆಸರು ಬರೆಯಿರಿ. ಸುಳ್ಳು ಎಲ್ಲಿ ಬಂತು?"

ಪೆನ್ಸಿಲ್ ಎತ್ತಿ ಮತ್ತೆ ಕೆಳಗಿಟ್ಟು, "ಕೈ ಬರುವುದಿಲ್ಲ ಗ್ಲ್ಯಾಡಿಸ್. ಆ ಹಲಗೆ ನೀನು ನೋಡಿದ್ದಿ" ಎಂದರು. ಮೂವತ್ತೈದು ವರ್ಷದಲ್ಲಿ ಆ ಮನುಷ್ಯ ತನ್ನಿಂದ ಆಗದು ಎಂದದ್ದನ್ನು ನಾನು ಮೊದಲ ಸಲ ಕೇಳಿದ್ದು.

ಮರದ ಸ್ಕೇಲು ತೆಗೆದುಕೊಂಡೆ. ಅವರ ಪೆನ್ಸಿಲಿನಿಂದಲೇ ಬೆಂಚಿನ ಅಡಿಯಲ್ಲಿ ಉದ್ದಕ್ಕೂ ಜೋಡಿ ಗೆರೆ ಎಳೆದೆ, ಎರಡರ ನಡುವೆ ಹೆಬ್ಬೆರಳಿನಷ್ಟು ಜಾಗ. ಸಣ್ಣ ಮಕ್ಕಳ ಕಾಪಿ ಪುಸ್ತಕದಲ್ಲಿರುತ್ತದಲ್ಲ, ಹಾಗೆ. ನಾಲ್ಕು ಸಾಲು. "ಮೇಲಿನ ಗೆರೆಗೂ ಕೆಳಗಿನ ಗೆರೆಗೂ ಅಕ್ಷರ ಮುಟ್ಟಬೇಕು. ಮುಟ್ಟದಿದ್ದರೆ ಅಳಿಸಿ ಪುನಃ ಬರೆಸ್ತೇನೆ" ಎಂದೆ. ನನ್ನ ದನಿ ಕ್ಲಾಸಿನದ್ದೇ ಆಗಿತ್ತು, ಇಲ್ಲದಿದ್ದರೆ ಒಡೆದುಹೋಗುತ್ತಿತ್ತು.

ಅವರು ಮೊದಲು ಟೇಪು ತೆಗೆದು ನನ್ನ ಗೆರೆಗಳನ್ನು ಅಳೆದರು. "ಎರಡನೇ ಸಾಲು ಅರ್ಧ ನೂಲು ಸೊಟ್ಟ ಉಂಟು" ಎಂದರು. ಆಮೇಲೆ ಬರೆದರು. ಒಂದು ಅಕ್ಷರ, ನಿಲುಗಡೆ, ಗೆರೆ ಮುಟ್ಟಿತೋ ಎಂದು ನೋಡುವುದು, ಮುಂದಿನ ಅಕ್ಷರ. ತಾರೀಕಿನ ಪಕ್ಕ ಮರ: ಕೊಡಿಯಾಲ್‌ಬೈಲ್. ಅಳತೆ: ಕಜೆಟನ್. ಕೊಯ್ದದ್ದು, ಕೂಡಿಸಿದ್ದು: ಫೈಝಲ್. ಗೆರೆಯಿಂದ ಗೆರೆಗೆ, ಸೊಟ್ಟವಾದರೂ ದೊಡ್ಡ ಅಕ್ಷರ. ಒಂದು ಗಂಟೆ ಹಿಡಿಯಿತು. ಮೂವರೂ ಬೆವರಿದ್ದೆವು.

"ಒಂದು ಸಾಲು ಹೆಚ್ಚು ಹಾಕಿದ್ದಿ ನೀನು" ಎಂದರು. ಲೆಕ್ಕ ತಪ್ಪಿದ್ದು ಟೀಚರಾದ ನಾನೇ ಎಂದುಕೊಂಡು ಸ್ಕೇಲನ್ನು ಅದರ ಜಾಗದಲ್ಲಿಟ್ಟೆ.

ರೋಸಿನ ಸಂಜೆ ಡ್ಯಾಫ್ನಿ ಆ ಬೆಂಚಿನ ಮೇಲೆ ಕೂತಳು. ಹೆಂಗಸರು ಹಾಡಿದರು. ಅಪ್ಪ ಬಂದು ಮಗಳ ಹಣೆಗೆ ಎಣ್ಣೆಯಿಂದ ಶಿಲುಬೆಯ ಗುರುತು ಹಾಕುವಾಗ ಹೆಬ್ಬೆರಳು ನಡುಗಿ ಗುರುತು ಹುಬ್ಬಿನವರೆಗೆ ಇಳಿಯಿತು. ಗೇವಿನ್‌ನ ಅಮ್ಮ ನೋಡಿದರು, ನಾನೂ ಅವರನ್ನು ನೋಡಿದೆ. ಅವರು ಎದ್ದುಬಂದು ಕಜೆಟನ್‌ರ ಇನ್ನೊಂದು ಕೈಗೆ ತೆಂಗಿನ ಹಾಲಿನ ಪಾತ್ರೆ ಕೊಟ್ಟು, ತಾವೂ ಅಡಿಯಿಂದ ಹಿಡಿದುಕೊಂಡರು.

ಎಲ್ಲ ಮುಗಿದ ಮೇಲೆ ಹಾಲು ಬಸಿಯಲೆಂದು ಬೆಂಚನ್ನು ಕವುಚಿ ಇಟ್ಟಿದ್ದರು. ಏವ್ರಿಲ್ ಅದರ ಮುಂದೆ ನಿಂತು ಗಟ್ಟಿಯಾಗಿ ಓದುತ್ತಿದ್ದಳು. ಮರ ಕೊಡಿಯಾಲ್‌ಬೈಲ್, ಅಳತೆ ಕಜೆಟನ್, ಕೊಯ್ದದ್ದು ಫೈಝಲ್... "ಕಡೆಯದ್ದು ಎಂತ ಇದು ಗ್ಲ್ಯಾಡಿಸ್?"

ನಾಲ್ಕನೆಯ ಸಾಲು ಖಾಲಿ ಇರಲಿಲ್ಲ. ನನಗೆ ಕಾಣದ ಹಾಗೆ ಯಾವಾಗಲೋ ಬರೆದಿದ್ದರು. ಎರಡೂ ಗೆರೆ ಮುಟ್ಟುವ ಹಾಗೆ, ಒಂದಕ್ಷರವೂ ಕುಗ್ಗದೆ, ಕೊನೆಯವರೆಗೆ:

ಗೆರೆ: ಗ್ಲ್ಯಾಡಿಸ್.

"ಗೆರೆ ಅಂದರೆ ಎಂತ?" ಎಂದಳು ಏವ್ರಿಲ್.

"ನನಗೆಂತ ಗೊತ್ತು, ನಿನ್ನ ಅಣ್ಣನನ್ನೇ ಕೇಳು" ಎಂದು ಅಡುಗೆಮನೆಗೆ ಹೋಗಿ ಬಾಗಿಲು ಎಳೆದುಕೊಂಡು ಅತ್ತೆ. ಚಿಲಕ ಮಾತ್ರ ಹಾಕಲಿಲ್ಲ.